ಕುನ್‌ಮಿಂಗಿಗೆ ಹೋದ ಅಳತೆ ಜಂಪರು

ಕೊಟ್ಟೂರು

ಚೀನಾಕ್ಕೆ ಹೋಗಿ ಬಂದೆ ಎಂದರೆ ಅಂಗಡಿಗೆ ಬಂದವರೆಲ್ಲ ಮೊದಲು ಕೇಳುವುದು ಆ ದೊಡ್ಡ ಗೋಡೆಯ ಬಗ್ಗೆ. ನೋಡಲಿಲ್ಲ, ನಾವು ಹೋದ ಊರಿಂದ ಅದು ಬಹಳ ದೂರ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಮದುವೆಗೆ ಹೋಗಿ ಊಟ ಮಾಡದೆ ಬಂದವನನ್ನು ನೋಡುವ ಹಾಗೆ ನೋಡುತ್ತಾರೆ. ಮತ್ತೇನು ಕಲಿತು ಬಂದ್ರಿ ಎಂದು ಕೇಳಿದರೆ ನಾನು ಕಿರುಬೆರಳು ಎತ್ತಿ ತೋರಿಸುತ್ತೇನೆ. ಹೋಗಿ ಬರ್ರಿ, ನಾವು ಕುಂತಿರ್ತೀವಿ ಎನ್ನುತ್ತಾರೆ.

ಶಾಲೆಯ ಮೆಟ್ಟಿಲು ಹತ್ತಿದ ಯಾರಿಗೂ ನಮ್ಮ ಕಡೆ ಈ ಬೆರಳಿನ ಅರ್ಥ ಹೇಳಬೇಕಾಗಿಲ್ಲ. ಕಿರುಬೆರಳು ಎತ್ತಿದರೆ ಒಂದಕ್ಕೆ ಹೋಗಬೇಕು ಎಂದು. ನಾನು ಆ ಮೆಟ್ಟಿಲು ಹತ್ತಿದ್ದು ಮೀಸೆ ಬಂದ ಮೇಲೆ. ಹಗಲು ಹೊಲಿಗೆ, ಸಂಜೆ ಶಾಲೆ. ತಡವಾಗಿ ಕಲಿತವನಾದ್ದರಿಂದ ಅಲ್ಲಿ ಹೇಳಿಕೊಟ್ಟ ಪ್ರತಿಯೊಂದನ್ನೂ ಗಂಭೀರವಾಗಿ ಕಲಿತಿದ್ದೇನೆ, ಬೆರಳು ಎತ್ತುವುದನ್ನೂ ಸೇರಿಸಿ. ಈಗ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಬೆರಳಚ್ಚು ಕಲಿಯುತ್ತಿದ್ದೇನೆ. ಇದನ್ನು ಅಲ್ಲೇ ಕುಳಿತು, ಒತ್ತಕ್ಷರ ಹುಡುಕಿ ಹುಡುಕಿ ಹೊಡೆಯುತ್ತಿದ್ದೇನೆ. ಕಲಿಸುವ ತಾಯಿ ದಿನಾ ಬೈಯುವುದು ಒಂದೇ ಮಾತು: ಕಿರುಬೆರಳಿಗೂ ಸ್ವಲ್ಪ ಕೆಲಸ ಕೊಡ್ರಿ ಎಂದು. ಆ ಬೆರಳು ನನಗೆ ಕೊಟ್ಟಿರುವ ಕೆಲಸ ಆಕೆಗೆ ಗೊತ್ತಿಲ್ಲ.

ನನ್ನ ಹೆಸರು ಕೊಟ್ರೇಶಿ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಈ ಹೆಸರು ಕೂಗಿದರೆ ಅರ್ಧ ಬಸ್ ಕೆಳಗಿಳಿಯುತ್ತದೆ. ಆದ್ದರಿಂದ ಟೇಲರ್ ಕೊಟ್ರೇಶಿ ಎನ್ನಬೇಕು.

ನಾನು ಚೀನಾಕ್ಕೆ ಹೋಗುವ ಮುಂಚಿನ ವರ್ಷಗಳಲ್ಲಿ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಬೆರಳಲ್ಲಿ ಒತ್ತಿ ನೋವು ತೆಗೆಯುವ ಆಕ್ಯುಪ್ರೆಶರ್ ಗಾಳಿ ಬೀಸಿತ್ತು. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುವವರೂ ಮುಳ್ಳುಮುಳ್ಳಿನ ಮರದ ರೋಲರ್ ಮಾರುತ್ತಿದ್ದರು. ಬ್ಯಾಂಕಿನ ಗುಮಾಸ್ತರು ಚಪ್ಪಲಿ ಬಿಟ್ಟು ಮೇಜಿನ ಕೆಳಗೆ ಅದನ್ನು ಉರುಳಿಸುತ್ತ ಮೇಲೆ ನಮಗೆ ನಾಳೆ ಬಾ ಎನ್ನುತ್ತಿದ್ದರು. ಹರಪನಹಳ್ಳಿಯ ಮರುಳಸಿದ್ದಪ್ಪ ಮೇಷ್ಟ್ರು, ನಿವೃತ್ತರಾದ ಡ್ರಿಲ್ ಮೇಷ್ಟ್ರು, ಭಾನುವಾರ ನಮ್ಮೂರಿಗೆ ಬಂದು ಕಲ್ಯಾಣ ಮಂಟಪದಲ್ಲಿ ಅದರ ಶಿಬಿರ ನಡೆಸುತ್ತಿದ್ದರು. ನಾನು ತಪ್ಪದೆ ಹೋಗುತ್ತಿದ್ದೆ, ಕಾರಣ ಮನೆಯಲ್ಲಿತ್ತು.

ನನ್ನ ಹೆಂಡತಿ ಹಾಲಮ್ಮ. ತವರು ಹೂವಿನಹಡಗಲಿ, ಮಲ್ಲಿಗೆ ತೋಟದ ಮನೆ. ಮಾತಾಡುತ್ತ ಮಾತಾಡುತ್ತ, ಕೈ ನೋಡದೆ ಮಾಲೆ ಕಟ್ಟುವವಳು. ಅವಳ ಬಲ ಹೆಗಲು ಮೆಲ್ಲಗೆ ಬಿಗಿಯುತ್ತ ಬಂದು ಒಂದು ದಿನ ಕೈ ಭುಜದ ಮೇಲಕ್ಕೆ ಏಳುವುದನ್ನೇ ಬಿಟ್ಟಿತು. ಹೊಸಪೇಟೆಯ ಡಾಕ್ಟರು ನೋಡಿ, ಇದು ತಾನಾಗಿ ಬಿಡುತ್ತದೆ, ಹೊತ್ತು ಹಿಡಿಯುತ್ತದೆ, ನೋವಾದರೂ ದಿನಾ ಕೈ ಆಡಿಸಬೇಕು ಎಂದಿದ್ದರು. ನೋವಾಗುತ್ತದೆ ಎಂಬುದನ್ನು ಮಾತ್ರ ಇವಳು ನೆನಪಿಟ್ಟುಕೊಂಡಳು. ನಾನೂ ನನ್ನ ಕೈಲಾದದ್ದು ಮಾಡಿದೆ. ಬಟ್ಟೆ ಒಣಹಾಕುವ ತಂತಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿದೆ. ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿ ಕೆಳಗಿನ ಗೂಡಿಗೆ ತಂದೆ. ಜಂಪರಿನ ಬಲ ತೋಳು ಬಿಚ್ಚಿ ದೊಗಳೆ ಮಾಡಿ, ಕೈ ಎತ್ತದೆ ತೊಡುವ ಹಾಗೆ ಹೊಲಿದುಕೊಟ್ಟೆ.

ಆದರೆ ತುರುಬನ್ನು ಕೆಳಗಿಳಿಸಲು ಬರುವುದಿಲ್ಲ. ತಲೆ ಬಾಚಿ ಹೂ ಮುಡಿಸಲು ಪಕ್ಕದ ಮನೆಯ ನೆಗೆಣ್ಣಿ, ನನ್ನ ತಮ್ಮನ ಹೆಂಡತಿ, ಬರಬೇಕಾಯಿತು. ನೆಗೆಣ್ಣಿ ಜಡೆಯನ್ನು ಎತ್ತಿನ ಹಗ್ಗ ಬಿಗಿದ ಹಾಗೆ ಬಿಗಿಯುತ್ತಿದ್ದಳು, ಬಿಗಿಯುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ತಲೆ ಅವಳ ಕೈಯಲ್ಲಿದ್ದ ಮೇಲೆ ಹೂಂಗುಡದೆ ಗತಿಯಿಲ್ಲ. ಒಂದು ದಿನ ಹಾಲಮ್ಮ ಅಂಗಡಿಗೆ ಬಂದು ನನ್ನ ದೊಡ್ಡ ಕತ್ತರಿಯನ್ನು ಮೇಜಿನ ಮೇಲೆ ನನ್ನ ಮುಂದಕ್ಕೆ ಸರಿಸಿದಳು.

"ಮುಂದಿನ ಮಲ್ಲಿಗಿ ಬರೂದ್ರಾಗ ಈ ಕೈ ತಲಿಮಟ ಹೋಗ್ಲಿಲ್ಲಂದ್ರ ಈ ಕೂದ್ಲ ಕತ್ರಿಸಿಬಿಡ್ರಿ. ಇನ್ನೊಬ್ಬರ ಕೈಯಾಗ ತಲಿ ಕೊಟ್ಟು ಕುಂದ್ರೂದು ನನ್ನಿಂದ ಆಗಂಗಿಲ್ಲ."

ಹಾಲಮ್ಮ ತಮಾಷೆ ಮಾಡುವಾಗ ಬಾಯಿ ಓರೆ ಮಾಡುತ್ತಾಳೆ. ಅಂದು ಮಾಡಲಿಲ್ಲ.

ಮರುಳಸಿದ್ದಪ್ಪ ಮೇಷ್ಟ್ರ ಹತ್ತಿರ ಮನುಷ್ಯನ ಮೈಮೇಲೆ ಗೆರೆ ಎಳೆದ ಒಂದು ಚೀನಾ ಪಟ ಇತ್ತು. ಅದರಲ್ಲಿ ಒಂದು ಗೆರೆ ಕಿರುಬೆರಳಿನ ಉಗುರಿನ ಹೊರಮೂಲೆಯಿಂದ ಹೊರಟು, ಅಂಗೈಯ ಅಂಚು ಹಿಡಿದು, ಮೊಣಕೈಯಲ್ಲಿ ತಟ್ಟಿದರೆ ಜುಮ್ಮೆನ್ನುವ ಆ ಗುಣಿ ದಾಟಿ, ಹೆಗಲ ಹಿಂದೆ ಎಣ್ಣೆ ಕಾಣದ ಮಷಿನ್ ಹೊಲಿಗೆಯ ಹಾಗೆ ವಕ್ರವಕ್ರವಾಗಿ ಓಡಾಡಿ, ಕುತ್ತಿಗೆ ಹತ್ತಿ ಕಿವಿಯ ಮುಂದೆ ನಿಲ್ಲುತ್ತದೆ. ಹಾಲಮ್ಮನಿಗೆ ನೋಯುವ ಜಾಗವೆಲ್ಲ ಆ ಗೆರೆಯ ಮೇಲೇ ಇದ್ದವು. ಅದರ ಹೆಸರೇನು ಎಂದರೆ ಸಣ್ಣ ಕರುಳಿನ ದಾರಿ. ಸಣ್ಣ ಕರುಳು ಹೆಗಲಲ್ಲಿ ಏನು ಮಾಡುತ್ತದೆ ಎಂದು ಕೇಳಿದೆ. ಚೀನಾದವರನ್ನೇ ಕೇಳಬೇಕು ಎಂದರು ಮೇಷ್ಟ್ರು. ಮುಂಗಾರಿನ ಹೊತ್ತಿಗೆ ಅವರೇ ಕುನ್‌ಮಿಂಗ್ ಎಂಬ ಊರಿನ ಒಂದು ಸಣ್ಣ ತರಬೇತಿಗೆ ನಮ್ಮಂಥವರನ್ನು ಗುಂಪು ಕಟ್ಟಿ ಹೊರಡಿಸಿದರು.

ಹಾಲಮ್ಮನಿಗೆ ಹೇಳಿದರೆ ಅವಳು ನಗಲಿಲ್ಲ, ಬೈಯಲೂ ಇಲ್ಲ. "ಹೆಗಲ ನೋವಂದ್ರ ಕರುಳು ಹುಡುಕ್ಕೊಂಡು ಹೊಂಟೀರಿ. ಕರುಳು ಇದ್ದೋರು ಹೆಂಡ್ತಿನ ಬಿಟ್ಟು ಹೋಗ್ತಾರೇನು?" ಎಂದಳು. ಈ ಸಲ ಬಾಯಿ ಓರೆಯಾಗಿತ್ತು.

ಬೆಂಗಳೂರು, ಬ್ಯಾಂಕಾಕ್

ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಕಡೆ ಹೆಂಗಸರು ಟೇಲರ್ ಹತ್ತಿರ ಮೈ ಅಳತೆ ಕೊಡುವುದಿಲ್ಲ. ಸರಿಯಾಗಿ ಕೂರುವ ಹಳೆಯ ಜಂಪರೊಂದನ್ನು ತಂದುಕೊಡುತ್ತಾರೆ. ಅದೇ ಅಳತೆ ಜಂಪರು. ಆ ಹೆಂಗಸಿನ ಬಗ್ಗೆ ಟೇಲರಿಗೆ ಬೇಕಾದದ್ದೆಲ್ಲ ಅದರಲ್ಲಿರುತ್ತದೆ. ಹಾಗಾಗಿ ಚೀನಾದ ಡಾಕ್ಟರಿಗೆ ಹೆಂಡತಿಯ ಹೆಗಲು ತೋರಿಸಲು ನಾನು ಏನು ಒಯ್ಯಬೇಕು ಎಂದು ಎರಡನೆಯ ಸಲ ಯೋಚಿಸಲೇ ಇಲ್ಲ. ಹಾಲಮ್ಮನಿಗೆ ಅವಳ ಅಳತೆ ಜಂಪರು, ಬಲ ತೋಳು ದೊಗಳೆ ಮಾಡಿದ್ದನ್ನೇ, ತೊಡಿಸಿ, ನೋಯುವ ಜಾಗ ಕೇಳಿ ಕೇಳಿ ಟೇಲರ್ ಸೀಮೆಸುಣ್ಣದಿಂದ ಗುರುತು ಹಾಕಿ, ಮಡಚಿ ಚೀಲದಲ್ಲಿಟ್ಟುಕೊಂಡೆ. ಜೊತೆಗೆ ಸೀಮೆಸುಣ್ಣದ ಒಂದು ತುಂಡು ಮತ್ತು ಇಂಚು ಟೇಪು.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೀಮೆಸುಣ್ಣ ಸಿಕ್ಕಿಬಿತ್ತು. ಅಧಿಕಾರಿ ಅದನ್ನು ಮೂಸಿ ನೋಡಿ, ಇನ್ನೊಬ್ಬರಿಗೆ ಮೂಸಲು ಕೊಟ್ಟರು. ಅವರು ಮೂಸಿ ಮತ್ತೊಬ್ಬರಿಗೆ ಕೊಟ್ಟರು. ಕೊನೆಗೆ ನಾನು ನನ್ನ ಅಂಗಿಯ ಮೇಲೇ ಒಂದು ಕಾಲರಿನ ಗೆರೆ ಎಳೆದು ತೋರಿಸಿದ ಮೇಲೆ ಬಿಟ್ಟರು. ಆ ಗೆರೆ ಚೀನಾವರೆಗೂ ಬಂತು.

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಲು ಬೆಂಚಿನ ಮೇಲೆ ಕಾಯುತ್ತಿದ್ದೆವು. ಅಲ್ಲಿಯ ಒಬ್ಬ ಹೆಂಗಸು ನಮ್ಮ ಗುಂಪಿಗೆ ಕೈ ಮುಗಿದಳು. ಮರುಳಸಿದ್ದಪ್ಪ ಮೇಷ್ಟ್ರು ಗುರುತಿನವಳೇ ಎಂಬಂತೆ ಎದ್ದು, ಎಲ್ಲಾ ಆರಾಮೇನಮ್ಮ ಎಂದರು. ಅವಳು ಎಲ್ಲರಿಗೂ ಹಾಗೆಯೇ ಮುಗಿಯುತ್ತಿದ್ದಳು. ಮೇಷ್ಟ್ರು ಕುಳಿತುಕೊಂಡು ತಟ್ಟನೆ ಡ್ರಿಲ್ ಮೇಷ್ಟ್ರ ಮುಖ ಮಾಡಿಕೊಂಡರು.

ಕುನ್‌ಮಿಂಗಿನ ಸುಂಕದ ಕಟ್ಟೆಯಲ್ಲಿ ಜಂಪರು ಸಿಕ್ಕಿಬಿತ್ತು. ಒಬ್ಬ ಗಂಡಸಿನ ಚೀಲದಲ್ಲಿ ಒಂದೇ ಒಂದು ಹೆಂಗಸಿನ ಜಂಪರು, ಅದೂ ಬಿಳಿ ಗುರುತುಗಳಿರುವುದು, ಯಾಕೆ ಎಂಬುದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ? ನಾನು ಹೆಗಲು ಹಿಡಿದುಕೊಂಡು ನರಳಿ ತೋರಿಸಿದೆ. ಅಧಿಕಾರಿ ನನಗೇ ಹುಷಾರಿಲ್ಲ ಎಂದುಕೊಂಡು ಕುರ್ಚಿ ಕೊಟ್ಟ.

ಕುನ್‌ಮಿಂಗ್, ಮೊದಲ ದಿನ

ಹೂವಿನ ಊರು ಎಂದು ಅದಕ್ಕೆ ಹೆಸರಂತೆ. ನಮ್ಮ ಹಡಗಲಿಯವರು ಕೇಳಿದರೆ ಒಪ್ಪುವುದಿಲ್ಲ, ಆದರೆ ಬೀದಿಬದಿಯಲ್ಲಿ ಮುದುಕಿಯರು ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹಾಸಿ ಹೂ ಮಾರುತ್ತ ಕುಳಿತಿದ್ದುದನ್ನು ಕಂಡು ನನಗೆ ಊರು ಹತ್ತಿರ ಬಂದಂತಾಯಿತು. ಬಿಳಿ ಸಂಪಿಗೆ, ಪಕ್ಕದಲ್ಲಿ ಮಲ್ಲಿಗೆ. ಸಂಪಿಗೆಯನ್ನು ಅವರು ತಂತಿಗೆ ಸಿಕ್ಕಿಸಿ ಅಂಗಿಯ ಗುಂಡಿಗೆ ತೂಗಿಬಿಡುತ್ತಾರೆ. ತಲೆಗೆ ಮುಡಿಯುವುದಿಲ್ಲ. ಮಲ್ಲಿಗೆಯನ್ನೋ, ಕುಡಿಯುತ್ತಾರೆ. ಸುಳ್ಳಲ್ಲ. ಚಹದ ಎಲೆಗೆ ಮಲ್ಲಿಗೆ ವಾಸನೆ ಹಿಡಿಸಿ, ಹಾಲು ಸಕ್ಕರೆ ಹಾಕದೆ, ಮುಚ್ಚಳವಿರುವ ಲೋಟದಲ್ಲಿ ದಿನವಿಡೀ ಕುಡಿಯುತ್ತಾರೆ. ಲೋಟ ಖಾಲಿಯಾದರೆ ಬಿಸಿನೀರು ಸುರಿಯುತ್ತಾರೆ. ಬೇಡ ಎಂದರೂ ಸುರಿಯುತ್ತಾರೆ. ಬೀಗರ ಮನೆಯಲ್ಲಿ ತುಪ್ಪ ಬಡಿಸುವಾಗ ಕೂಡ ಇಷ್ಟು ಒತ್ತಾಯ ಇರುವುದಿಲ್ಲ. ಈ ಚಹವೇ ಮುಂದೆ ನನಗೆ ಮುಳುವಾಯಿತು.

ನಮಗೆ ಪಾಠ ಹೇಳುವವರು ಲಿನ್ ಮೇಡಂ. ಅರವತ್ತರ ಆಚೀಚೆ, ಗಿಡ್ಡ ಕೂದಲು, ನೆಟ್ಟಗೆ ನಿಲ್ಲುವ ಹೆಂಗಸು. ಅವರು ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಷು ಎಂಬ ತೆಳ್ಳನೆಯ ದುಭಾಷಿ ಇಂಗ್ಲಿಷ್ ಮಾಡುತ್ತಿದ್ದರು. ಅದನ್ನು ಮರುಳಸಿದ್ದಪ್ಪ ಮೇಷ್ಟ್ರು ನಮಗೆ ಹೇಳುತ್ತಿದ್ದರು. ಹೀಗೆ ಲಿನ್ ಮೇಡಂ ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಶುದ್ಧ ಹರಪನಹಳ್ಳಿಯವರಾಗಿರುತ್ತಿದ್ದರು. "ಒತ್ತಬೇಕಾದ್ರೆ ಹಿಟ್ಟು ನಾದ್ದಂಗೆ ಒತ್ತಬ್ಯಾಡ್ರಪ್ಪ ಅಂತಾರೆ" ಎಂದು ಮೇಷ್ಟ್ರು ಹೇಳಿದಾಗ ಮೇಡಂ ಅಲ್ಲಿ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಸಣ್ಣ ಕರುಳು ಹೆಗಲಲ್ಲಿ ಏನು ಮಾಡುತ್ತದೆ ಎಂಬ ನನ್ನ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದೆ. ಅವರ ವೈದ್ಯದಲ್ಲಿ ಸಣ್ಣ ಕರುಳಿನ ಕೆಲಸ ಒಳ್ಳೆಯದನ್ನೂ ಕೆಟ್ಟದನ್ನೂ ಬೇರೆ ಮಾಡುವುದಂತೆ, ಇಟ್ಟುಕೊಳ್ಳುವುದು ಯಾವುದು, ಬಿಡುವುದು ಯಾವುದು ಎಂದು. ನಮ್ಮ ಮನೆಯಲ್ಲಿ ಆ ಕೆಲಸ ಹಾಲಮ್ಮನದು. ಆದ್ದರಿಂದ ಅವಳಿಗೇ ನೋವು ಬಂದದ್ದು ಸರಿ ಅನ್ನಿಸಿತು. ಹಗಲು ಒಂದರಿಂದ ಮೂರು ಗಂಟೆ ಆ ಕರುಳಿನ ಹೊತ್ತು ಎಂದೂ ಹೇಳಿದರು. ಅದು ಕೊಟ್ಟೂರಿನಲ್ಲಿ ಅಂಗಡಿಗಳ ಶಟರ್ ಅರ್ಧ ಇಳಿಯುವ ಹೊತ್ತು. ಅಲ್ಲಿಯೂ ಆ ಹೊತ್ತಿಗೆ ಪಾಠ ನಿಲ್ಲಿಸಿ, ಮೇಡಂ, ಷು, ಬಾಗಿಲ ಕಾವಲುಗಾರ, ಎಲ್ಲರೂ ಮೇಜಿಗೆ ತಲೆಯಿಟ್ಟು ನಿದ್ದೆ ಹೋದರು. ಇಷ್ಟು ದೂರ ಬಂದು ಮೊದಲ ಬಾರಿಗೆ ಇವರು ನಮ್ಮವರು ಅನ್ನಿಸಿತು.

ಹೆಂಡತಿಯ ಜಂಪರಿನ ವಿಷಯವನ್ನೂ ಷು ಮೂಲಕ ತಿಳಿಸಿದೆ. ನಾಳೆ ಪಾಠ ಮುಗಿದ ಮೇಲೆ ನೋಡುತ್ತೇನೆ ಎಂದರು ಮೇಡಂ. ಜಂಪರು ಎಂಬುದು ಎರಡು ಭಾಷೆ ದಾಟಿ ಅವರಿಗೆ ಏನೆಂದು ತಲುಪಿತೋ ಗೊತ್ತಿಲ್ಲ.

ಕಿರುಬೆರಳಿನ ದಿನ

ಮರುದಿನದ ಪಾಠ ಆ ಗೆರೆಯದೇ. ನಾನು ಮುಂದಿನ ಸಾಲಿನಲ್ಲಿ, ಚೀಲದಲ್ಲಿ ಜಂಪರು ಇಟ್ಟುಕೊಂಡು, ಮಲ್ಲಿಗೆ ಚಹ ಕುಡಿಯುತ್ತ ಕುಳಿತಿದ್ದೆ. ಯಾರೋ ಸುರಿಯುತ್ತಿದ್ದರು, ನಾನು ಕುಡಿಯುತ್ತಿದ್ದೆ. ಪಾಠ ಅರ್ಧಕ್ಕೆ ಬರುವಾಗ ಹೊಟ್ಟೆ ಬಿಗಿಯಿತು. ಎದ್ದು ಹೊರಡುವುದು ಗುರುಗಳಿಗೆ ಮರ್ಯಾದೆಯಲ್ಲ. ನನಗೆ ಗೊತ್ತಿದ್ದ ಪದ್ಧತಿ ಒಂದೇ. ಕಿರುಬೆರಳು ಎತ್ತಿದೆ.

ಮೇಡಂ ನನ್ನನ್ನು ನೋಡಿ ಅರಳಿಬಿಟ್ಟರು. ಹೌದು ಹೌದು ಎಂದು ತಲೆಯಾಡಿಸಿದರು. ಅಪ್ಪಣೆಯಾಯಿತೆಂದು ನಾನು ಎದ್ದು ಓಡಿದೆ. ವಾಪಸ್ ಬಂದಾಗ ಅವರು ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಗೊತ್ತಾಯಿತು, ಆ ಗಳಿಗೆಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ, ಈ ದಾರಿ ಎಲ್ಲಿಂದ ಹೊರಡುತ್ತದೆ ಎಂದು. ಇಡೀ ತರಗತಿಯಲ್ಲಿ ಸರಿಯುತ್ತರ ಕೊಟ್ಟವನು ಒಬ್ಬನೇ, ಅವನೂ ಉತ್ತರ ಕೊಟ್ಟು ಎದ್ದು ಹೋಗಿಬಿಟ್ಟ.

ಅಲ್ಲಿಗೇ ನಿಂತಿದ್ದರೆ ನನ್ನ ಹೆಸರು ಚೀನಾದಲ್ಲಿ ಚೆನ್ನಾಗಿರುತ್ತಿತ್ತು. ಚಹ ನಿಲ್ಲಲಿಲ್ಲ. ಸಂಜೆ ಪಾಠ ಮುಗಿಸುತ್ತ ಮೇಡಂ ನಗುತ್ತ, ಇವತ್ತಿನ ಪಾಠ ಹೇಗಿತ್ತು ಎಂದು ಕೇಳಿದರು. ಮೇಷ್ಟ್ರು ಹೆಬ್ಬೆರಳು ಎತ್ತಿದರು. ಎಲ್ಲರೂ ಹೆಬ್ಬೆರಳು ಎತ್ತಿದರು. ನನಗೆ ಪ್ರಶ್ನೆ ಕೇಳಿಸುವ ಸ್ಥಿತಿಯಿರಲಿಲ್ಲ. ಸರಿಯಾಗಿ ಅವರ ಮುಖದ ಎದುರಿಗೆ ನನ್ನ ಕಿರುಬೆರಳು ಎದ್ದಿತು.

ಷು ನೆಲ ನೋಡಿದರು. ಮೇಡಂ ಮುಖ ಮುಚ್ಚಿದ ಕಿಟಕಿಯ ಹಾಗಾಯಿತು. ಪಟ ಸುತ್ತಿಕೊಂಡು, ನನ್ನ ಮೇಜಿನ ಪಕ್ಕದಲ್ಲೇ, ಮೇಜಿನ ಮೇಲೆ ತೆಗೆದಿಟ್ಟಿದ್ದ ಜಂಪರಿನ ಪಕ್ಕದಲ್ಲೇ ಹಾದು ಹೊರಗೆ ಹೋದರು. ನಾನು ಹೋಗಬೇಕಾದಲ್ಲಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಕೋಣೆ ಖಾಲಿ.

ಅವರ ದೇಶದಲ್ಲಿ ಹೆಬ್ಬೆರಳು ಎಂದರೆ ಎಲ್ಲರಿಗಿಂತ ಮೇಲು. ಕಿರುಬೆರಳು ಎಂದರೆ ಎಲ್ಲರಿಗಿಂತ ಕೀಳು, ನಿನಗಿಂತ ಕೆಳಗೆ ಯಾರೂ ಇಲ್ಲ ಎಂದು. ಅದನ್ನು ಷು ಊಟದ ಹೊತ್ತಿಗೆ ಬಹಳ ನಾಚಿಕೊಂಡು ಹೇಳಿದರು. ನನಗೆ ಅನ್ನ ಇಳಿಯಲಿಲ್ಲ. ಕೊಟ್ಟೂರಿನಿಂದ ಜಂಪರು ಹೊತ್ತು ಬಂದವನು, ಅದನ್ನು ನೋಡಬೇಕಾದ ಒಬ್ಬರೇ ಒಬ್ಬರಿಗೆ ಅವಮಾನ ಮಾಡಿ ಕುಳಿತಿದ್ದೆ. ಕಣ್ಣ ಮುಂದೆ ಬಂದದ್ದು ಮೇಜಿನ ಮೇಲೆ ಸರಿಸಿದ ಆ ಕತ್ತರಿ.

ಮೇಷ್ಟ್ರು ಮಾತ್ರ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಲೇ ಕೊಟ್ರೇಶಿ, ನನ್ ಸರ್ವೀಸಿನಾಗೆ ಸಾವಿರ ಹುಡುಗ್ರು ಬೆರಳು ಎತ್ತಿದಾರೆ. ದೇಶದ ಮಾನ ಕಳ್ದೋನು ನೀನೊಬ್ನೇ ನೋಡಪ್ಪ."

ಸರೋವರದ ಪಾರ್ಕು

ಬೆಳಿಗ್ಗೆ ನನ್ನನ್ನು ಮೇಷ್ಟ್ರು ಪಾರ್ಕಿಗೆ ಎಳೆದುಕೊಂಡು ಹೋದರು. ಊರಿನ ಮುದುಕರೆಲ್ಲ ಅಲ್ಲಿದ್ದರು. ನಮ್ಮ ಮುದುಕರು ಕಟ್ಟೆಗೆ ಬಂದರೆ ಕೂರುತ್ತಾರೆ. ಇವರು ಒಬ್ಬರೂ ಕೂರುವುದಿಲ್ಲ. ಕೆಲವರು ಹಿಂದುಹಿಂದಕ್ಕೆ ನಡೆಯುತ್ತಾರೆ, ಎದುರಿಗೆ ಬಂದವರು ದಾರಿ ಬಿಡುತ್ತಾರೆ. ಕೆಲವರು ತಮ್ಮ ಮೈಯನ್ನು ತಾವೇ ಬಡಿದುಕೊಳ್ಳುತ್ತಾರೆ. ಬಹಳ ಜನ ಎರಡೂ ಅಂಗೈಗಳ ಹೊರ ಅಂಚನ್ನು, ಕಿರುಬೆರಳ ಕೆಳಗಿನ ಅಂಚನ್ನು, ಒಂದಕ್ಕೊಂದು ತಟ್ಟುತ್ತ ಹರಟುತ್ತಾರೆ. ನಾವು ಕುರುಕಲು ತಿನ್ನುತ್ತ ಹರಟುವ ಹಾಗೆ ಅವರು ತಟ್ಟುತ್ತ ಹರಟುತ್ತಾರೆ. ಅದು ನಮ್ಮ ಗೆರೆಯದೇ ಜಾಗ. ಮುಷ್ಟಿ ಕಟ್ಟಿದರೆ ಹೃದಯರೇಖೆ ಮುಗಿಯುವಲ್ಲಿ ಒಂದು ಸಣ್ಣ ಗುಡ್ಡ ಏಳುತ್ತದಲ್ಲ, ಅದು ಕುತ್ತಿಗೆ ಹೆಗಲು ಬಿಗಿದವರಿಗೆ ಎಂದು ಮೇಡಂ ಹೇಳಿದ್ದರು.

ಒಬ್ಬ ಅಜ್ಜಿ ಮರದ ಬುಡದಲ್ಲಿ ನಿಂತು ಮರದ ಮೇಲೆ ಬೆರಳು ಹತ್ತಿಸುತ್ತಿದ್ದಳು. ಇರುವೆ ಹತ್ತಿದ ಹಾಗೆ, ಬೆರಳಿಂದ ಬೆರಳು, ಕಿರುಬೆರಳು ಮುಂದೆ. ನೋವಾದಾಗ ನಿಲ್ಲುವಳು, ಮರಕ್ಕೆ ಏನೋ ಬೈಯುವಳು, ಮತ್ತೆ ಹತ್ತಿಸುವಳು. ಅವಳ ಕೈ ತಲೆ ದಾಟಿದ್ದನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಅಜ್ಜಿ ನನ್ನನ್ನು ನೋಡಿ ಮರದ ಇನ್ನೊಂದು ಬದಿ ತೋರಿಸಿದಳು, ನೀನೂ ಹತ್ತಿಸು ಎಂದು. ನನ್ನ ಕೈಗೆ ಏನೂ ಆಗಿಲ್ಲ ಎಂದು ಹೇಳಲು ಭಾಷೆ ಇರಲಿಲ್ಲ. ಬೆರಳು ತೋರಿಸಲು ಧೈರ್ಯ ಇರಲಿಲ್ಲ. ಸುಮ್ಮನೆ ಹತ್ತಿಸಿದೆ.

ಜಂಪರು ಬಿಚ್ಚಿದ ದಿನ

ಆ ದಿನದ ತರಗತಿ ಶುರುವಾಗುವ ಮುಂಚೆ ಮರುಳಸಿದ್ದಪ್ಪ ಮೇಷ್ಟ್ರು ಎದ್ದು ನಿಂತರು. ಷುಗೆ ನಾಲ್ಕು ಮಾತು ಹೇಳಿ, ಬಾಕಿಯನ್ನು ಮೈಯಲ್ಲೇ ತೋರಿಸಿದರು. ಒಂದು ಸಲ ಮೇಷ್ಟ್ರಾಗಿ ಮೀಸೆ ತಿರುವಿದರು. ಇನ್ನೊಂದು ಸಲ ಒಂದನೇ ತರಗತಿಯ ಹುಡುಗನಾಗಿ, ಕಾಲು ಕೂಡಿಸಿ, ಕಣ್ಣು ಮೇಲೆ ಮಾಡಿ, ಕಿರುಬೆರಳು ಎತ್ತಿ ಕುಣಿದರು. ಎಪ್ಪತ್ತರ ಹತ್ತಿರದ ಮನುಷ್ಯ, ತಲೆಗೆ ರುಮಾಲು. ಷು ಮೊದಲು ನಕ್ಕರು. ಮೇಡಂ ಬಹಳ ಹೊತ್ತು ನಗು ತಡೆದರು. ಆಮೇಲೆ ಮೇಜು ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ನನ್ನ ಹತ್ತಿರ ಬಂದು, ತಮ್ಮ ಕಿರುಬೆರಳನ್ನು ನನ್ನ ಕಿರುಬೆರಳಿಗೆ ಕೊಕ್ಕೆ ಹಾಕಿ ಜಗ್ಗಿದರು.

ನನ್ನ ಜೀವ ಹಾರಿತು. ನಮ್ಮ ಓಣಿಯಲ್ಲಿ ಮಕ್ಕಳು ಜಗಳವಾಡಿ ಮಾತು ಬಿಡುವಾಗ ಕಿರುಬೆರಳು ತಾಗಿಸಿ ಟೂ ಎನ್ನುತ್ತಾರೆ. ಹಾಗಾದರೆ ಇವರು ನನ್ನ ಜೊತೆ ಟೂ ಬಿಟ್ಟರು. ಅಲ್ಲ ಎಂದು ಷು ಬೇಗ ಬೇಗ ಹೇಳಿದರು. ಅವರಲ್ಲಿ ಮಕ್ಕಳು ಮಾತು ಕೊಡುವಾಗ ಹೀಗೆ ಬೆರಳು ಕೊಕ್ಕೆ ಹಾಕುತ್ತಾರಂತೆ. ಮೇಡಂ ಜಂಪರು ನೋಡುತ್ತೇನೆ ಎಂದು ಮಾತು ಕೊಡುತ್ತಿದ್ದರು. ಇಷ್ಟು ಸಣ್ಣ ಬೆರಳಿಗೆ ಇಷ್ಟೊಂದು ಕೆಲಸ ಇದ್ದ ಮೇಲೆ ಹೆಗಲು ನೋಯದೆ ಇರುತ್ತದೆಯೇ.

ಜಂಪರನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದೆವು. ಮೇಡಂ ನನ್ನ ಸೀಮೆಸುಣ್ಣ ಇಸಿದುಕೊಂಡು, ನಾನು ಹಾಕಿದ್ದ ಗುರುತುಗಳನ್ನು ಒಂದರಿಂದ ಒಂದಕ್ಕೆ ಕೂಡಿಸಿದರು. ಹೆಗಲ ಮೇಲೆ ಆ ವಕ್ರ ಹೊಲಿಗೆ ಮೂಡಿತು. ಗುಂಪಿನವರೆಲ್ಲ ಬಗ್ಗಿ ನೋಡಿದರು. ನಾನು ಉತ್ಸಾಹದಲ್ಲಿ ಇಂಚು ಟೇಪು ತೆಗೆದು, ತೋಳಿನ ಹೊಲಿಗೆಯಿಂದ ಮೊದಲ ಗುರುತಿಗೆ ಎಷ್ಟು ಎಂದು ಅಳೆಯಲು ಹೋದೆ. ಮೇಡಂ ಟೇಪನ್ನು ನನ್ನ ಕೈಯಿಂದ ತೆಗೆದು, ಸುರುಳಿ ಸುತ್ತಿ, ನನ್ನ ಜೇಬಿಗೇ ಹಾಕಿದರು. ಅವರ ಇಂಚು ಬೇರೆಯಂತೆ. ಯಾರಿಗೆ ನೋವೋ ಅವರ ಹೆಬ್ಬೆರಳಿನ ಅಗಲವೇ ಅವರ ಇಂಚು. ಇನ್ನೊಬ್ಬರ ಬೆರಳಿನಿಂದ ಅಳೆದರೆ ಜಾಗ ತಪ್ಪುತ್ತದೆ. ನನ್ನ ಹೆಬ್ಬೆರಳು ಕತ್ತರಿ ಹಿಡಿದು ಹಿಡಿದು ಬದನೆಕಾಯಿಯಾಗಿದೆ. ಊರಲ್ಲಿ ಶಿಬಿರದಿಂದ ಬಂದು ಅದರಲ್ಲಿ ಅಳೆದು ನಾನು ಒತ್ತುತ್ತಿದ್ದ ಜಾಗಗಳೆಲ್ಲ ಹಾಲಮ್ಮನ ಪಕ್ಕದ ಮನೆಯವರದಾಗಿದ್ದಿರಬೇಕು.

ಹೆಬ್ಬೆರಳು ಎಲ್ಲಿ ಎಂದು ಕೇಳಿದರು ಮೇಡಂ. ಜಂಪರು ಬಂದಿತ್ತು, ಹೆಬ್ಬೆರಳು ಬಂದಿರಲಿಲ್ಲ. ಹಾಗಾದರೆ ಅವಳೇ ಹುಡುಕಿಕೊಳ್ಳಬೇಕು, ಅವಳ ಬೆರಳಿನಿಂದ ಎಂದರು.

ಆಮೇಲೆ ಅವರು ಬಲ ತೋಳನ್ನು ಎತ್ತಿ ನೋಡಿದರು, ಎಡ ತೋಳನ್ನು ನೋಡಿದರು, ಮತ್ತೆ ಬಲ ತೋಳಿನ ಕಂಕುಳಿಗೆ ಕೈ ಹಾಕಿ ಅಗಲಿಸಿದರು. ಇದೊಂದು ಯಾಕೆ ಇಷ್ಟು ದೊಗಳೆ ಎಂದರು. ನಾನು ಹೆಮ್ಮೆಯಿಂದ ಹೇಳಿದೆ. ಕೈ ಎತ್ತದೆ ತೊಡುವ ಹಾಗೆ ಹೊಲಿದದ್ದು, ತಂತಿ ಇಳಿಸಿದ್ದು, ಡಬ್ಬಿ ಇಳಿಸಿದ್ದು. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಚೀನಿಗೆ ಅದೆಲ್ಲ ಹೋಯಿತು. ಮೇಡಂ ಹೊಲಿಗೆಯ ಮೇಲೆ ಬೆರಳಾಡಿಸಿ ಮೆಲ್ಲಗೆ ಏನೋ ಹೇಳಿದರು. ಷು ಹೇಳಿದರು. ಮೇಷ್ಟ್ರು ಕನ್ನಡ ಮಾಡಿದರು. ಅವರ ಮುಖದಲ್ಲಿದ್ದ ನಗು ಹೋಗಿತ್ತು.

"ಭಾಳ ಚೆನ್ನಾಗಿ ಹೊಲ್ದಿದೀಯಂತೆ ಕಣಪ್ಪ. ಇನ್ನು ಆ ಕೈಗೆ ಏಳೋ ಕೆಲಸಾನೇ ಇಲ್ಲಂತೆ."

ನಾನು ಜಂಪರು ಮಡಚಿದೆ. ಮಡಚುವಾಗ ಎರಡು ತೋಳು ಒಂದರ ಮೇಲೊಂದು ಕೂರಲಿಲ್ಲ.

ಕೊಟ್ಟೂರು, ಮತ್ತೆ

ನನ್ನ ಕಿರುಬೆರಳಿನ ಕತೆಯನ್ನೆಲ್ಲ ಕೇಳಿಸಿಕೊಂಡು, ನಾನು ತಂದ ಸಾಮಾನು ಹಾಲಮ್ಮ ತೆಗೆದು ನೋಡಿದಳು. ಮಲ್ಲಿಗೆ ಚಹದ ಡಬ್ಬಿ ಮೂಸಿ, ಇದನ್ನ ಕುಡೀತಾರ, ಪಾಪ, ಮುಡೀಲಿಕ್ಕೆ ಅವರಿಗೆ ಯಾರೂ ಹೇಳಿಕೊಟ್ಟಿಲ್ಲೇನು ಎಂದಳು. ಔಷಧ ಎಲ್ಲಿ ಎಂದಳು. ನಾನು ಅವಳ ಹೆಬ್ಬೆರಳು ಹಿಡಿದು ತೋರಿಸಿದೆ. ಗೋಡೆ ತೋರಿಸಿದೆ.

"ಅಷ್ಟು ದೂರ ಹೋಗಿ ನನಗಽ ಕೆಲಸ ತಂದ್ರಿ?" ಎಂದಳು.

ಅವಳ ಸಿಟ್ಟು ಏರಿದ್ದು ನಾನು ತಂತಿಯನ್ನು ಒಂದು ಮೊಳೆ ಮೇಲಕ್ಕೆ ಕಟ್ಟಿದಾಗ. ಒದ್ದೆ ಬಟ್ಟೆ ಸಂಜೆವರೆಗೆ ಬಕೆಟ್ಟಿನಲ್ಲೇ ಉಳಿಯಿತು. ಗಂಡನನ್ನ ಚೀನಾಕ್ಕ ಕಳಿಸಿದ್ರ ಬುದ್ಧಿ ಅಲ್ಲೇ ಬಿಟ್ಟು ಬಂದಾನ ಎಂದು ನೆಗೆಣ್ಣಿಗೆ ಕೇಳಿಸುವ ಹಾಗೆ ಹೇಳಿದಳು. ನೆಗೆಣ್ಣಿ ಅದನ್ನು ಓಣಿಗೆ ಕೇಳಿಸುವ ಹಾಗೆ ಹೇಳಿದಳು. ಉಪ್ಪಿನ ಡಬ್ಬಿ ಮೇಲಿನ ಗೂಡಿಗೆ ಹೋದ ದಿನ ಸಾರು ಸಪ್ಪಗಿತ್ತು. ನಾನು ಸುಮ್ಮನೆ ಉಂಡೆ.

ಪಡಸಾಲೆಯ ಗೋಡೆಗೆ ಅವಳನ್ನು ನಿಲ್ಲಿಸಿ, ಬೆರಳು ಹತ್ತಿದಷ್ಟು ಹತ್ತಿಸಿ, ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ಅದು ಅವಳ ಗಲ್ಲಕ್ಕೂ ಕೆಳಗಿತ್ತು. ಹಗಲು ಒಂದರಿಂದ ಮೂರು, ಶಟರ್ ಅರ್ಧ ಇಳಿದಾಗ, ಅವಳು ಮೊದಲು ಕೈ ಅಂಚು ತಟ್ಟುವಳು, ಆಮೇಲೆ ತನ್ನ ಹೆಬ್ಬೆರಳಿನಿಂದ ಅಳೆದು ಮೊಣಕೈ, ತೋಳು ಒತ್ತಿಕೊಳ್ಳುವಳು, ಆಮೇಲೆ ಗೋಡೆ. ಎಡಗೈಗೆ ಎಟುಕದ ಬೆನ್ನಿನ ಒಂದು ಜಾಗ ಮಾತ್ರ ನನ್ನದು, ಅದನ್ನೂ ಅವಳು ಹೇಳಿದಲ್ಲೇ ಒತ್ತಬೇಕು. ಕೆಲವು ವಾರ ಮಾಡುತ್ತಿದ್ದಳು. ಕೆಲವು ವಾರ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ಗೆರೆ ಮೇಲೇರಿದ ಸಂತೋಷಕ್ಕೆ ನಾನು ಚೀನಾ ಎಂದರೆ ಅವಳು ಹೊಸಪೇಟೆ ಡಾಕ್ಟರು ಎನ್ನುತ್ತಿದ್ದಳು. ಅವರೂ ಇದನ್ನಽ ಹೇಳಿದ್ರು, ಅವರಿಗೆ ಇಮಾನ ಬೇಕಾಗಿರಲಿಲ್ಲ ಎನ್ನುತ್ತಿದ್ದಳು. ಯಾರಿಂದ ಎಷ್ಟು ಎಂದು ನನಗೂ ಗೊತ್ತಿಲ್ಲ. ಬರೀ ದಿನ ಕಳೆದದ್ದರಿಂದಲೂ ಇರಬಹುದು.

ದೀಪಾವಳಿಗೆ ಸುಣ್ಣ ಹೊಡೆಯುವವನು ಬಂದಾಗ ನಾನು ಅಂಗಡಿಯಲ್ಲಿದ್ದೆ. ಸಂಜೆ ಒಳಗೆ ಬಂದು ನೋಡಿದರೆ ಪಡಸಾಲೆಯೆಲ್ಲ ಬೆಳ್ಳಗಿತ್ತು, ಒಂದು ಪಟ್ಟಿ ಮಾತ್ರ ಹಾಗೇ ಹಳೆಯ ಬಣ್ಣದಲ್ಲಿ, ಗೆರೆಗಳ ಸಮೇತ ಉಳಿದಿತ್ತು. ಮರೆತನೇನೋ ಎಂದು ಕರೆಯಲು ಹೊರಟೆ. ಒಳಗಿನಿಂದ ಹಾಲಮ್ಮ ಹೇಳಿದಳು, "ನಾನಽ ಬಿಡು ಅಂದೀನಿ." ಗೋಡೆ ನೋಡಿದಿರಾ ಎಂದು ಕೇಳುವವರಿಗೆ ನಾನು ಈಗ ಇದನ್ನೇ ತೋರಿಸಬಹುದು.

ಚಳಿ ಹೋಗಿ ಬಿಸಿಲು ಬಂತು. ಹಡಗಲಿ ಬಸ್ಸಿನಲ್ಲಿ ತವರಿನಿಂದ ಮಲ್ಲಿಗೆಯ ಮೊದಲ ಪೊಟ್ಟಣ ಬಂದ ದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಕತ್ತರಿ ಹಿಡಿದು ಒಂದು ಅಂಗಿಯ ಬಟ್ಟೆ ಕತ್ತರಿಸುತ್ತಿದ್ದೆ. ನೆಗೆಣ್ಣಿ ಬಾಚಣಿಗೆ ಹಿಡಿದು ಬಂದವಳು, ಬಂದಷ್ಟೇ ಬೇಗ ವಾಪಸ್ ಹೋದದ್ದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಹೂವಿನ ವಾಸನೆ ಬಂತು. ತಲೆ ಎತ್ತಿದರೆ ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಹಾಲಮ್ಮ. ತುರುಬು ಸ್ವಲ್ಪ ಓರೆ, ದಂಡೆ ಅದಕ್ಕಿಂತ ಓರೆ. ಬಲಗೈಯನ್ನು ಬಾಗಿಲ ಚೌಕಟ್ಟಿನ ಮೇಲಿನ ಪಟ್ಟಿಗೆ ತಾಗುವ ಹಾಗೆ ಎತ್ತಿ, ನನ್ನ ಕಡೆಗೆ ಕಿರುಬೆರಳು ತೋರಿಸುತ್ತ ನಿಂತಿದ್ದಳು. ಬಾಯಿ ಓರೆಯಾಗಿತ್ತು.

ಗಿರಾಕಿಗಳು ಗಾಬರಿಯಾಗಿ ನೆಲ ನೋಡಿದರು. ಅಪ್ಪಣೆ ಕೇಳುತ್ತಿದ್ದಳೋ, ನಿಮಗಿಂತ ಕೀಳು ಯಾರೂ ಇಲ್ಲ ಎನ್ನುತ್ತಿದ್ದಳೋ, ಟೂ ಬಿಡುತ್ತಿದ್ದಳೋ, ಮಾತು ಕೊಡುತ್ತಿದ್ದಳೋ, ನಾನು ಕೇಳಲಿಲ್ಲ. ನಾನು ನೋಡಿದ್ದು ಬೆರಳನ್ನಲ್ಲ.

ಕತ್ತರಿ ಕೆಳಗಿಟ್ಟೆ. ಗಿರಾಕಿಗಳಿಗೆ ಸ್ವಲ್ಪ ಕುಂತಿರ್ರಿ ಎಂದು ಹೇಳಿ, ಗೂಡಿನಿಂದ ಅಳತೆ ಜಂಪರು ತೆಗೆದು, ಬಲ ತೋಳಿನ ಹೊಲಿಗೆ ಬಿಚ್ಚಿ ಎಡ ತೋಳಿನಷ್ಟಕ್ಕೆ ಒಳಗೆ ಹಿಡಿಯಲು ಕುಳಿತೆ.